ಪ್ರಶ್ನೋತ್ತರ: ಕಾಂಪ್ಯಾಕ್ಟಿನ್ ಮತ್ತು ಜೀವಕೋಶ

ಪ್ರಶ್ನೆ: ಹೆಪ್‌ಜಿ2 ಎಂಬ ಯಕೃತ್ತಿನ ಕೋಶಗಳಿಗೆ 10 ಮೈಕ್ರೋಮೋಲಾರ್ ಮೆವಾಸ್ಟಾಟಿನ್ (ಕಾಂಪ್ಯಾಕ್ಟಿನ್‌ನ ಇನ್ನೊಂದು ಹೆಸರು, ಸ್ಟಾಟಿನ್ ಗುಂಪಿನದು) ಹಾಕುತ್ತಿದ್ದೇನೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದು. ಒಮ್ಮೆ ಪರಿಣಾಮ ಕಾಣುತ್ತದೆ, ಇನ್ನೊಮ್ಮೆ ಏನೂ ಇಲ್ಲ. ಪುಡಿ ಕೆಟ್ಟಿದೆಯೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪುಡಿಯನ್ನು ದೂರುವ ಮೊದಲು ಅದು ಯಾವ ರೂಪದಲ್ಲಿದೆ ನೋಡಿ. ಬಾಟಲಿಯಲ್ಲಿ ಬರುವುದು ಲ್ಯಾಕ್ಟೋನ್, ಅಂದರೆ ಉಂಗುರ ಮುಚ್ಚಿದ ರೂಪ. ಕೊಲೆಸ್ಟ್ರಾಲ್ ತಯಾರಿಗೆ ಬೇಕಾದ ಎಚ್‌ಎಂಜಿ-ಕೋಎ ರಿಡಕ್ಟೇಸ್ ಕಿಣ್ವವನ್ನು ತಡೆಯುವುದು ಉಂಗುರ ಬಿಚ್ಚಿದ ಆಮ್ಲ ರೂಪ. ಡಿಎಂಎಸ್‌ಒದಲ್ಲಿ ಕರಗಿಸಿ ಹಾಗೇ ಹಾಕಿದರೆ ಬಿಚ್ಚುವ ಕೆಲಸ ಕೋಶಗಳ ಮತ್ತು ಸೀರಮ್‌ನ ಪಾಲಿಗೆ ಬೀಳುತ್ತದೆ. ಅದು ಪ್ರತಿ ಸಲ ಒಂದೇ ಥರ ಆಗುವುದಿಲ್ಲ.

ನೀವೇ ಬಿಚ್ಚಿಕೊಳ್ಳಿ. 3.9 ಮಿಲಿಗ್ರಾಂ ಪುಡಿಯನ್ನು 100 ಮೈಕ್ರೋಲೀಟರ್ ಎಥನಾಲ್‌ನಲ್ಲಿ ಕರಗಿಸಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 150 ಮೈಕ್ರೋಲೀಟರ್ ಸೇರಿಸಿ, 50 ಡಿಗ್ರಿಯಲ್ಲಿ 2 ಗಂಟೆ ಇಡಿ. ಆಮೇಲೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಪಿಎಚ್ 7.2ಕ್ಕೆ ತನ್ನಿ. ಔಷಧ 10 ಮೈಕ್ರೋಮೋಲ್, ಕ್ಷಾರ 15, ಉಳಿಯುವುದು 5. ಆದ್ದರಿಂದ ಲೆಕ್ಕದ ಪ್ರಕಾರ 50 ಮೈಕ್ರೋಲೀಟರ್ ಆಮ್ಲ ಸಾಕು. ಕೈ ಜಾರಿ ಹೆಚ್ಚು ಬಿದ್ದರೆ ಉಂಗುರ ಮತ್ತೆ ಮುಚ್ಚಿಕೊಳ್ಳತೊಡಗುತ್ತದೆ. ನೀರು ಸೇರಿಸಿ 1 ಮಿಲಿಲೀಟರ್ ಮಾಡಿದರೆ 10 ಮಿಲಿಮೋಲಾರ್ ಸ್ಟಾಕ್ ಸಿದ್ಧ. ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಕಂಟ್ರೋಲ್‌ಗೂ ಇದೇ ಎಥನಾಲ್, ಕ್ಷಾರ, ಆಮ್ಲ ಬೇಕು. ಅದರಲ್ಲಿ ಔಷಧ ಇಲ್ಲದ ಕಾರಣ ಆಮ್ಲ 50 ಅಲ್ಲ, 150 ಮೈಕ್ರೋಲೀಟರ್ ಹಿಡಿಯುತ್ತದೆ.

ಇನ್ನೊಂದು ಮಾತು: ಮಾಮೂಲಿ 10% ಸೀರಮ್‌ನಲ್ಲೇ ಎಲ್‌ಡಿಎಲ್ ಕೊಲೆಸ್ಟ್ರಾಲ್ ಧಾರಾಳವಾಗಿದೆ. ಅದನ್ನು ಕೊಟ್ಟು ಕೋಶಕ್ಕೆ ಕೊಲೆಸ್ಟ್ರಾಲ್ ಕೊರತೆ ಆಗಲಿ ಎಂದರೆ ಆಗದು. ಲಿಪೊಪ್ರೋಟೀನ್ ತೆಗೆದ ಸೀರಮ್ 5% ಬಳಸಿ.

ಪ್ರಶ್ನೆ: ಕಾಂಪ್ಯಾಕ್ಟಿನ್ ಹಾಕಿದ 48 ಗಂಟೆಗೆ ಕೋಶಗಳು ದುಂಡಗಾಗಿ ತಳ ಬಿಟ್ಟು ಏಳುತ್ತವೆ. ಕೊಲೆಸ್ಟ್ರಾಲ್ ಸೇರಿಸಿ ನೋಡಿದೆ, ಚೇತರಿಸಿಕೊಳ್ಳಲಿಲ್ಲ. ಏಕೆ?
– ಓದುಗರು, ಮಂಗಳೂರು

ಉತ್ತರ: ಕೊರತೆ ಕೊಲೆಸ್ಟ್ರಾಲಿನದಲ್ಲ. ರಿಡಕ್ಟೇಸ್ ತಯಾರಿಸುವುದು ಮೆವಲೋನೇಟ್. ಅದರಿಂದ ಮುಂದೆ ಕೊಲೆಸ್ಟ್ರಾಲ್ ಒಂದೇ ಅಲ್ಲ, ಕೋಎಂಜೈಮ್ ಕ್ಯೂ, ಡೋಲಿಕಾಲ್, ಜೆರಾನೈಲ್‌ಜೆರಾನೈಲ್ ಪೈರೊಫಾಸ್ಫೇಟ್ ಎಲ್ಲವೂ ಹುಟ್ಟುತ್ತವೆ. ಈ ಕೊನೆಯದರ ಜಿಡ್ಡಿನ ಬಾಲ ಅಂಟಿದರೆ ಮಾತ್ರ ಕೋಶದ ಆಕಾರವನ್ನು ನಿಯಂತ್ರಿಸುವ ರೋ ಪ್ರೋಟೀನ್ ಪೊರೆಗೆ ಹೋಗಿ ಕೂರುತ್ತದೆ. ಬಾಲ ಇಲ್ಲದಿದ್ದರೆ ಒಳದ್ರವದಲ್ಲೇ ಉಳಿಯುತ್ತದೆ, ಕೋಶಕ್ಕೆ ಆಧಾರವಾದ ಆಕ್ಟಿನ್ ಎಳೆಗಳು ಕಳಚುತ್ತವೆ, ಕೋಶ ದುಂಡಗಾಗುತ್ತದೆ.

ಖಚಿತಪಡಿಸಿಕೊಳ್ಳಲು ಔಷಧದ ಜೊತೆ ತಟ್ಟೆಯ ಒಂದು ಗುಳಿಗೆ ಮೆವಲೋನೇಟ್ 200 ಮೈಕ್ರೋಮೋಲಾರ್, ಇನ್ನೊಂದಕ್ಕೆ ಜೆರಾನೈಲ್‌ಜೆರಾನೈಲ್ ಪೈರೊಫಾಸ್ಫೇಟ್ 10, ಮತ್ತೊಂದಕ್ಕೆ ಸ್ಕ್ವಾಲೀನ್ ಹಾಕಿ. ಮೊದಲೆರಡು ಆಕಾರವನ್ನು ಉಳಿಸಬೇಕು, ಸ್ಕ್ವಾಲೀನ್ ಉಳಿಸಬಾರದು. ಅದು ಕವಲೊಡೆದ ಮೇಲೆ ಕೊಲೆಸ್ಟ್ರಾಲಿನ ದಾರಿಯಲ್ಲಿ ಬರುವಂಥದ್ದು. ಮೆವಲೋನೇಟ್ ಕೊಟ್ಟರೂ ಕೋಶ ಸತ್ತರೆ ರಿಡಕ್ಟೇಸ್ ಮೇಲೆ ತಪ್ಪು ಹೊರಿಸಬೇಡಿ, ಸ್ಟಾಕಿನ ಪಿಎಚ್ ನೋಡಿ. ಪೈರೊಫಾಸ್ಫೇಟ್ ಸಾಮಾನ್ಯವಾಗಿ ಮೆಥನಾಲ್-ಅಮೋನಿಯಾ ದ್ರಾವಣದಲ್ಲಿ ಬರುತ್ತದೆ, ಅದಕ್ಕೂ ಪ್ರತ್ಯೇಕ ಕಂಟ್ರೋಲ್ ಬೇಕು. ಬಹಳ ಜನ ಇಲ್ಲಿಯೇ ಎಡವುತ್ತಾರೆ.

ಕೋಶ ಬದುಕಿರಬೇಕು, ಕೊಲೆಸ್ಟ್ರಾಲ್ ಮಾತ್ರ ಕಡಿಮೆಯಾಗಬೇಕು ಎಂದಾದರೆ ಡಲ್ಲಾಸ್‌ನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಪ್ರಯೋಗಾಲಯದ ಸೂತ್ರ ಇದೆ: ಲಿಪೊಪ್ರೋಟೀನ್ ತೆಗೆದ ಸೀರಮ್, 50 ಮೈಕ್ರೋಮೋಲಾರ್ ಕಾಂಪ್ಯಾಕ್ಟಿನ್, 50 ಮೈಕ್ರೋಮೋಲಾರ್ ಮೆವಲೋನೇಟ್. ಅಷ್ಟು ಮೆವಲೋನೇಟ್ ಬಾಲಗಳಿಗೆ ಸಾಕು, ಕೊಲೆಸ್ಟ್ರಾಲಿಗೆ ಸಾಲದು.

ಪ್ರಶ್ನೆ: ತಡೆದದ್ದು ರಿಡಕ್ಟೇಸ್, ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅದೇ ಪಟ್ಟಿ ಇನ್ನೂ ದಟ್ಟವಾಗಿದೆ!
– ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ಔಷಧ ಕೆಲಸ ಮಾಡಿದೆ, ಅದಕ್ಕೇ ಹಾಗೆ. ಸ್ಟೆರಾಲ್ (ಕೊಲೆಸ್ಟ್ರಾಲ್ ಜಾತಿಯ ವಸ್ತು) ಇಳಿದಾಗ ಎಸ್‌ಆರ್‌ಇಬಿಪಿ-2 ಎಂಬ ಪ್ರೋಟೀನ್ ನ್ಯೂಕ್ಲಿಯಸ್ಸಿಗೆ ಹೋಗಿ ರಿಡಕ್ಟೇಸ್ ಮತ್ತು ಎಲ್‌ಡಿಎಲ್ ಗ್ರಾಹಕ ಎರಡರ ಜೀನನ್ನೂ ಎಬ್ಬಿಸುತ್ತದೆ. ಜೊತೆಗೆ ಹಳೆಯ ರಿಡಕ್ಟೇಸ್ ಒಡೆಯುವುದೂ ನಿಧಾನವಾಗುತ್ತದೆ. ಕಾಂಪ್ಯಾಕ್ಟಿನ್‌ಗೆ ಒಗ್ಗಿಸಿ ಬೆಳೆಸಿದ ಯುಟಿ-1 ಎಂಬ ಹ್ಯಾಮ್‌ಸ್ಟರ್ ಕೋಶಗಳಲ್ಲಿ ಈ ಕಿಣ್ವ ನೂರಾರು ಪಟ್ಟು ಹೆಚ್ಚಿ, ಅದನ್ನು ಹಿಡಿಸಲು ಪೊರೆಗಳೇ ಹರಳಿನಂತೆ ಜೋಡಿಸಿಕೊಂಡಿರುತ್ತವೆ. ಪಟ್ಟಿ 97 ಕಿಲೋಡಾಲ್ಟನ್ ಬಳಿ ಇರಬೇಕು. ಸ್ಯಾಂಪಲ್ ಕುದಿಸಬೇಡಿ, ಪೊರೆಯ ಪ್ರೋಟೀನ್ ಗಂಟುಕಟ್ಟಿ ಜೆಲ್‌ನ ಬಾಯಲ್ಲೇ ನಿಲ್ಲುತ್ತದೆ. 37 ಡಿಗ್ರಿ ಸಾಕು.

ಪ್ರಶ್ನೆ: ಕಾಂಪ್ಯಾಕ್ಟಿನ್ ಮಾತ್ರೆಯಾಗಿ ಏಕೆ ಬರಲಿಲ್ಲ?
– ಓದುಗರು, ಶಿವಮೊಗ್ಗ

ಉತ್ತರ: 1973ರಲ್ಲಿ ಜಪಾನಿನ ಸಾಂಕ್ಯೊ ಕಂಪನಿಯಲ್ಲಿ ಅಕಿರಾ ಎಂಡೊ ಅದನ್ನು ಪೆನಿಸಿಲಿಯಂ ಸಿಟ್ರಿನಮ್ ಬೂಷ್ಟಿನಿಂದ ಪಡೆದರು. ನಾಯಿಗಳ ಮೇಲಿನ ದೊಡ್ಡ ಪ್ರಮಾಣದ ಪರೀಕ್ಷೆಯಲ್ಲಿ ಗಡ್ಡೆಗಳ ಸಂಶಯ ಬಂದು 1980ರಲ್ಲಿ ಕೈಬಿಡಲಾಯಿತು. ಕಾಂಪ್ಯಾಕ್ಟಿನ್‌ಗೇ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿಸಿದ ಪ್ರವಾಸ್ಟಾಟಿನ್ ಮುಂದೆ ಔಷಧವಾಯಿತು.

ಪ್ರಶ್ನೆ: ಅಪ್ಪ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೋಶಗಳು ಸಾಯುತ್ತವೆಂದು ಓದಿ ಹೆದರಿಕೆಯಾಗಿದೆ. ನಿಲ್ಲಿಸಲೇ?
– ಓದುಗರು, ಬೆಂಗಳೂರು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಪ್ರಯೋಗದ ತಟ್ಟೆಯಲ್ಲಿ ಹಾಕುವುದು ಮೈಕ್ರೋಮೋಲಾರ್ ಲೆಕ್ಕದಲ್ಲಿ. ರಕ್ತದಲ್ಲಿ ಇರುವುದು ನ್ಯಾನೋಮೋಲಾರ್ ಲೆಕ್ಕದಲ್ಲಿ. ಮೈಕೈ ಸ್ನಾಯು ನೋವು ಹೊಸದಾಗಿ ಶುರುವಾದರೆ ವೈದ್ಯರಿಗೆ ಹೇಳಿ, ಸ್ನಾಯುಹಾನಿ ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಮೂತ್ರ ಕಾಫಿಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಿಮ್ವಾಸ್ಟಾಟಿನ್ ನುಂಗುವವರಿಗೆ ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರೆ ಸ್ಟಾಟಿನ್ ವಿಷಯ ವೈದ್ಯರಿಗೆ ತಿಳಿಸಿ. ಅವೆರಡನ್ನು ಒಟ್ಟಿಗೆ ಕೊಡುವುದಿಲ್ಲ.