ಫೈಬ್ರಿನೋಜೆನ್ ವರದಿ ಸಹಜವಿದ್ದರೂ ಗರ್ಭಿಣಿಯನ್ನು ಬಾಗಲಕೋಟೆಗೆ ಕಳುಹಿಸಿದ್ದೇಕೆ?

ಅಧಿಕ ರಕ್ತದೊತ್ತಡದಿಂದಾಗಿ ಮಾಸು ಅವಧಿಗೆ ಮೊದಲೇ ಕಳಚತೊಡಗಿದ ಗರ್ಭಿಣಿಯ ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) 210 ಇದ್ದರೂ, ಜಮಖಂಡಿಯ ವೈದ್ಯರು ಬಾಗಲಕೋಟೆಗೆ ಕಳುಹಿಸಿದ್ದೇಕೆ ಎಂದು ಕೇಳಿದ್ದೀರಿ. ಅವರು ಮಾಡಿದ್ದು ಸರಿ. ಗರ್ಭಿಣಿಯರಲ್ಲದವರಲ್ಲಿ ಈ ಅಂಶ ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ ಇರುತ್ತದೆ. ಆದರೆ ಹೆರಿಗೆಯ ರಕ್ತಸ್ರಾವವನ್ನು ಎದುರಿಸಲೆಂದು ದೇಹ ಅದನ್ನು ಕೊನೆಯ ತಿಂಗಳುಗಳಲ್ಲಿ ಸುಮಾರು 400ರಿಂದ 600ಕ್ಕೆ ಏರಿಸಿಕೊಂಡಿರುವುದರಿಂದ, ಚೀಟಿಯಲ್ಲಿ ಸಹಜವೆನಿಸುವ 210 ಆಕೆಯ ಪಾಲಿಗೆ ಅರ್ಧಕ್ಕಿಳಿದ ದಾಸ್ತಾನು. ಕಳಚಿದ ಮಾಸಿನಿಂದ ಟಿಶ್ಯೂ ಫ್ಯಾಕ್ಟರ್ ಎಂಬ, ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವ ಪ್ರೋಟೀನ್ ತಾಯಿಯ ರಕ್ತಕ್ಕೆ ಸೇರಿ ಸಣ್ಣ ನಾಳಗಳಲ್ಲೆಲ್ಲ ಹೆಪ್ಪುಗಳನ್ನು ಹುಟ್ಟಿಸುತ್ತದೆ. ಅದರಲ್ಲೇ ಫೈಬ್ರಿನೋಜೆನ್ ಮತ್ತು ಪ್ಲೇಟ್‌ಲೆಟ್‌ಗಳು ಖರ್ಚಾಗಿ, ನಿಜಕ್ಕೂ ಬೇಕಾದ ಗರ್ಭಕೋಶದ ಗಾಯದಲ್ಲಿ ರಕ್ತ ನಿಲ್ಲದಂತಾಗುತ್ತದೆ. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳು ಆಗಲೂ ಸರಿಯಾಗಿಯೇ ಕಾಣಬಹುದು, ಅವನ್ನಷ್ಟೇ ನಂಬಬಾರದು.) ಪ್ರಮಾಣ 200ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಸ್ರಾವದ ಸಂಭವ ಬಹಳ ಹೆಚ್ಚುವುದರಿಂದ, ಕ್ರಯೋಪ್ರೆಸಿಪಿಟೇಟ್ (ದಾನಿಗಳ ರಕ್ತದಿಂದ ತಯಾರಿಸುವ, ಫೈಬ್ರಿನೋಜೆನ್ ಹೇರಳವಾಗಿರುವ ಅಂಶ) ಒದಗಿಸಬಲ್ಲ ರಕ್ತನಿಧಿ ಹತ್ತಿರವಿರುವಲ್ಲಿಯೇ ಇಂಥ ಹೆರಿಗೆ ಆಗಬೇಕು.