ದತ್ತಾಂಶ ದೃಶ್ಯೀಕರಣ: ಕಲಿಕೆ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಕ್ಸೆಲ್ ತಿಳಿದಿದೆ. ದತ್ತಾಂಶ ದೃಶ್ಯೀಕರಣ, ಅಂದರೆ ಅಂಕಿಗಳನ್ನು ನಕ್ಷೆಗಳಾಗಿ (ಚಾರ್ಟ್) ತೋರಿಸುವುದನ್ನು ಕಲಿಯಲು ಕೆಲವರು ವರದಿ ತಯಾರಿಸುವ ತಂತ್ರಾಂಶವಾದ ಪವರ್ ಬಿಐ ಎನ್ನುತ್ತಾರೆ, ಕೆಲವರು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಎನ್ನುತ್ತಾರೆ. ಯಾವುದನ್ನು ಮೊದಲು ಕಲಿಯಲಿ?

ಉತ್ತರ: ಸದ್ಯಕ್ಕೆ ನಿಮಗೆ ಎಕ್ಸೆಲ್ ಸಾಕು. ನಕ್ಷೆಯನ್ನು ಯಾವ ತಂತ್ರಾಂಶವಾದರೂ ಎಳೆದುಕೊಡುತ್ತದೆ. ಯಾವ ನಕ್ಷೆ ಬೇಕೆಂಬ ತೀರ್ಮಾನ ಮಾತ್ರ ನಿಮ್ಮದು, ಅದು ನೀವು ಅಂಕಿಗಳಿಗೆ ಕೇಳುವ ಪ್ರಶ್ನೆಯಿಂದ ಹುಟ್ಟಬೇಕು.

ಒಂದು ಅಭ್ಯಾಸ ಮಾಡಿ ನೋಡಿ. ಹವಾಮಾನ ಇಲಾಖೆ ಪ್ರಕಟಿಸುವ ತಿಂಗಳವಾರು ಸರಾಸರಿ ಮಳೆಯ ಅಂಕಿಗಳಿಂದ ಮಂಗಳೂರು ಮತ್ತು ಬೆಂಗಳೂರಿನವನ್ನು ಆರಿಸಿಕೊಂಡು, ಒಂದೇ ಅಳತೆಯ ಮೇಲೆ ಎರಡು ಗೆರೆಗಳಾಗಿ ಎಳೆಯಿರಿ. ಜೂನ್, ಜುಲೈನಲ್ಲಿ ಮಂಗಳೂರಿನ ಗೆರೆ ಎಷ್ಟು ಎತ್ತರಕ್ಕೆ ಏರುತ್ತದೆಂದರೆ, ಬೆಂಗಳೂರಿನದು ಅಡಿಯಲ್ಲಿ ಬಹುತೇಕ ಸಪಾಟಾಗಿ ಉಳಿದುಬಿಡುತ್ತದೆ. ಎಲ್ಲಿ ಎಷ್ಟು ಹೆಚ್ಚು ಮಳೆ ಎಂಬುದು ಪ್ರಶ್ನೆಯಾದರೆ ಈ ನಕ್ಷೆ ಸರಿಯಾಗಿದೆ. ಆದರೆ ಯಾವ ಊರಿನಲ್ಲಿ ಮಳೆ ಯಾವಾಗ ಬರುತ್ತದೆ ಎಂದು ಕೇಳಿದರೆ, ಎರಡನ್ನೂ ಅವುಗಳದೇ ಅಳತೆಯಲ್ಲಿ, ತಿಂಗಳುಗಳು ನೇರಕ್ಕೆ ಬರುವಂತೆ ಒಂದರ ಕೆಳಗೊಂದು ಎಳೆಯಬೇಕು. ಆಗ ಬೆಂಗಳೂರಿನ ಮಳೆ ಮೇ ತಿಂಗಳಲ್ಲಿ ಒಮ್ಮೆ ಏರಿ, ಜೂನ್‌ನಲ್ಲಿ ತಗ್ಗಿ, ಸೆಪ್ಟೆಂಬರ್ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟುವುದು ಸ್ಪಷ್ಟವಾಗಿ ಕಾಣುತ್ತದೆ. ಎಡಕ್ಕೊಂದು, ಬಲಕ್ಕೊಂದು ಅಳತೆ ಇಟ್ಟು ಎರಡೂ ಗೆರೆಗಳನ್ನು ಒಂದೇ ಚೌಕಟ್ಟಿಗೆ ಸೇರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಗೆರೆಗಳು ಒಂದನ್ನೊಂದು ದಾಟುವ ಜಾಗಕ್ಕೆ ಯಾವ ಅರ್ಥವೂ ಇರುವುದಿಲ್ಲ, ಓದುಗರು ಮಾತ್ರ ಅರ್ಥ ಹುಡುಕುತ್ತಾರೆ.

ಎರಡನೆಯದಾಗಿ, ಕಣ್ಣಿನ ಶಕ್ತಿ ಮತ್ತು ಮಿತಿ ತಿಳಿದಿರಬೇಕು. 1984ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಸಮಾನ ಅಳತೆಯ ಮೇಲಿನ ಸ್ಥಾನಗಳನ್ನು ನಾವು ಹೆಚ್ಚು ನಿಖರವಾಗಿ ಹೋಲಿಸುತ್ತೇವೆ. ಕೋನಗಳನ್ನು ಹೋಲಿಸುವಾಗ ಹೆಚ್ಚು ತಪ್ಪುತ್ತೇವೆ. ಹತ್ತಿರ ಹತ್ತಿರದ ಮೊತ್ತಗಳಿಗೆ, ವೃತ್ತವನ್ನು ಕೋನಗಳಾಗಿ ಹೋಳು ಮಾಡಿ ತೋರಿಸುವ ಪೈ ಚಾರ್ಟ್ ಬಿಟ್ಟು ಸ್ತಂಭಗಳನ್ನು ಬಳಸಬೇಕೆನ್ನುವುದು ಇದಕ್ಕಾಗಿಯೇ. ಸ್ತಂಭಗಳೂ ಸೊನ್ನೆಯಿಂದಲೇ ಆರಂಭವಾಗಬೇಕು. ಎರಡು ಶಾಖೆಗಳ ಸಾಲ ವಸೂಲಾತಿ ಶೇ 90 ಮತ್ತು ಶೇ 95 ಎಂದಿಟ್ಟುಕೊಳ್ಳಿ. ಅಳತೆಯನ್ನು 85ರಿಂದ ಆರಂಭಿಸಿದರೆ ಒಂದು ಸ್ತಂಭ ಇನ್ನೊಂದರ ಎರಡರಷ್ಟು ಎತ್ತರವಾಗಿ, ಮೊದಲ ಶಾಖೆಯವರಿಗೆ ಅನ್ಯಾಯವಾಗುತ್ತದೆ. ಗೆರೆಯ ನಕ್ಷೆಗೆ ಈ ನಿಯಮ ಅಷ್ಟು ಕಟ್ಟುನಿಟ್ಟಲ್ಲ, ಏಕೆಂದರೆ ಅಲ್ಲಿ ನಾವು ಓದುವುದು ಏರಿಳಿತವನ್ನು, ಉದ್ದವನ್ನಲ್ಲ.

ಸರಾಸರಿ ಹಾಕಿದ ಮೇಲೆ ನಕ್ಷೆ ಏಕೆ ಎಂದು ಯಾರಾದರೂ ಕೇಳಿದರೆ, ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಅಂಕಿಪಟ್ಟಿಗಳನ್ನು ತೋರಿಸಿ. ನಾಲ್ಕರಲ್ಲೂ ಸರಾಸರಿ, ಸಹಸಂಬಂಧ (ಎರಡು ಅಂಕಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಹೆಚ್ಚುಕಡಿಮೆ ಒಂದೇ. ಬಿಂದುಗಳನ್ನು ಗುರುತಿಸಿದಾಗ ಒಂದರಲ್ಲಿ ಚದುರಿದ ಓರೆಸಾಲು, ಇನ್ನೊಂದರಲ್ಲಿ ಬಾಗಿದ ಗೆರೆ, ಉಳಿದೆರಡರಲ್ಲಿ ಒಂಟಿ ಬಿಂದುವೊಂದು ಇಡೀ ಲೆಕ್ಕವನ್ನು ಎಳೆದಾಡುವುದು ಕಾಣುತ್ತದೆ. ಇವನ್ನು ನೀವೇ ಗ್ರಾಫ್ ಹಾಳೆಯ ಮೇಲೆ ಕೈಯಾರೆ ಗುರುತಿಸಿ.

ಇಷ್ಟು ರೂಢಿಯಾದ ನಂತರ, ಕಚೇರಿಯ ವರದಿಗಳಿಗಾದರೆ ಪವರ್ ಬಿಐ, ಸಾವಿರಾರು ಸಾಲುಗಳ ಕಡತಗಳನ್ನು ಪದೇ ಪದೇ ಸಂಸ್ಕರಿಸಬೇಕಾದರೆ ಪೈಥಾನ್ ಆರಿಸಿಕೊಳ್ಳಿ. ಪೈಥಾನ್‌ನಲ್ಲಿ ನಕ್ಷೆ ಎಳೆಯುವ ಸಾಧನವಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡದ ಶೀರ್ಷಿಕೆ ಹಾಕುವವರು ಕನ್ನಡ ಫಾಂಟನ್ನು ತಾವೇ ಸೂಚಿಸಬೇಕಾಗುತ್ತದೆ. ಹಾಗೆ ಮಾಡಿದರೂ ಒತ್ತಕ್ಷರಗಳು ಒಡೆದು ಕಾಣುವ ಸಾಧ್ಯತೆ ಇರುವುದರಿಂದ, ವರದಿಯನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಪ್ರತಿ ಪದವನ್ನೂ ಒಮ್ಮೆ ಪರಿಶೀಲಿಸಿ.