ನಾಯಿ ಬೋರ್ಡಿಂಗ್‌ಗೆ ಹೋಗಲಿ, ಬೆಕ್ಕು ಮನೆಯಲ್ಲೇ ಇರಲಿ

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಒಂಬತ್ತು ದಿನ ಪ್ರವಾಸ ಹೊರಟಿದ್ದೇವೆ. ಮನೆಯಲ್ಲಿ ಆರು ವರ್ಷದ ನಾಯಿ ಜಿಮ್ಮಿ, ಹತ್ತು ವರ್ಷದ ಬೆಕ್ಕು ಮಿನ್ನಿ ಇವೆ. ಜಿಮ್ಮಿಗೆ ಜನ ಅಂದ್ರೆ ಪ್ರಾಣ. ಗುಡುಗಿದರೆ ಮಾತ್ರ ಮಂಚದ ಕೆಳಗೆ ನುಗ್ಗುತ್ತಾನೆ. ಮಿನ್ನಿ ನೆಂಟರು ಬಂದರೆ ಬೀರುವಿನ ಮೇಲಿಂದ ಇಳಿಯುವುದೇ ಇಲ್ಲ. ನನ್ನವರು ಎರಡಕ್ಕೂ ಒಂದೇ ಬೋರ್ಡಿಂಗ್‌ನಲ್ಲಿ (ದುಡ್ಡು ಕೊಟ್ಟರೆ ಸಾಕುಪ್ರಾಣಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ) ಫೋನಿನಲ್ಲೇ ಬುಕ್ ಮಾಡಿ ದುಡ್ಡು ಕಟ್ಟಿದ್ದಾರೆ. ಹನ್ನೆರಡು ವರ್ಷದ ಮಗಳು "ಅವನ್ನು ಬಿಟ್ಟು ನಾನು ಬರಲ್ಲ" ಎಂದು ಹಟ ಹಿಡಿದಿದ್ದಾಳೆ. ಅತ್ತೆ "ಸಾಕುವಾಗ ಇದೆಲ್ಲ ಗೊತ್ತಿರಲಿಲ್ವಾ?" ಎನ್ನುತ್ತಾರೆ. ಪ್ರವಾಸವೇ ಬೇಡ ಅನಿಸಿಬಿಟ್ಟಿದೆ. ನಾವು ಮಾಡ್ತಿರೋದು ತಪ್ಪಾ?

ಉತ್ತರ: ತಪ್ಪಲ್ಲ. ಪ್ರವಾಸ ರದ್ದು ಮಾಡಬೇಡಿ. ಆದರೆ ಎರಡನ್ನೂ ಒಂದೇ ಜಾಗಕ್ಕೆ ಕಳಿಸುವ ಯೋಚನೆ ಬಿಡಿ.

ನಾಯಿಗೆ ಜನ ಮುಖ್ಯ, ಬೆಕ್ಕಿಗೆ ಜಾಗ ಮುಖ್ಯ. ನೆಂಟರು ಬಂದರೇ ಬೀರು ಹತ್ತುವ ಮಿನ್ನಿ, ಗೊತ್ತಿಲ್ಲದ ಕೋಣೆಯಲ್ಲಿ ನಾಯಿಗಳ ಬೊಗಳಿಕೆ ಕೇಳುತ್ತಾ ಒಂಬತ್ತು ದಿನ ಇರಬೇಕು ಅಂದರೆ ಕಷ್ಟ. ಹೆದರಿದ ಬೆಕ್ಕು ಮೊದಲು ಬಿಡುವುದೇ ಊಟ. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪಗಿದ್ದರೆ, ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು. ಮಿನ್ನಿ ಮನೆಯಲ್ಲೇ ಇರಲಿ. ದಿನಕ್ಕೆ ಎರಡು ಸಲ ಒಬ್ಬರು ಬಂದು ಊಟ, ನೀರು ಇಟ್ಟು, ಮರಳಿನ ತಟ್ಟೆ ಶುಚಿ ಮಾಡಿ, ಸ್ವಲ್ಪ ಹೊತ್ತು ಕೂತು ಹೋದರೆ ಸಾಕು. ಅವಳು ಕೆಳಗಿಳಿದು ಬರದಿದ್ದರೂ ಪರವಾಗಿಲ್ಲ, ಊಟದ ತಟ್ಟೆ ಖಾಲಿಯಾಗಿದೆಯಾ ಅಂತ ನೋಡಲೇಬೇಕು. ಅಂಥವರು ಯಾರು ಅಂತ ನಿಮ್ಮ ಅತ್ತೆಯನ್ನೇ ಕೇಳಿ. ಮಿನ್ನಿ ಯಾರನ್ನು ಸಹಿಸುತ್ತಾಳೆ ಅನ್ನೋದು ಹಗಲೆಲ್ಲ ಮನೆಯಲ್ಲಿರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರ ಮಾತಿನ ಹಿಂದಿರುವುದೂ ಈ ಕಾಳಜಿಯೇ ಅಲ್ವಾ? ಬೆಕ್ಕಿನ ಬುಕಿಂಗ್ ದುಡ್ಡು ವಾಪಸ್ ಬರದಿದ್ದರೆ ಹೋಗಲಿ ಬಿಡಿ.

ಜಿಮ್ಮಿ ಬೋರ್ಡಿಂಗ್‌ನಲ್ಲಿ ಹೊಂದಿಕೊಳ್ಳುತ್ತಾನೆ ಅಂತಲೇ ನನಗನಿಸುತ್ತದೆ. ಆದರೆ ಫೋನಿನಲ್ಲಿ ಬುಕ್ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ನೀವು, ನಿಮ್ಮವರು, ಮಗಳು ಮೂವರೂ ಹೋಗಿ ನೋಡಿ. ಮುಂದಿನ ಆಫೀಸು ಎಲ್ಲ ಕಡೆಯೂ ಚೆಂದವೇ ಇರುತ್ತದೆ. ನಾಯಿಗಳು ರಾತ್ರಿ ಮಲಗುವ ಜಾಗ ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಒಳಗೆ ಹೋದಾಗ ಗಮನ ಕೆಲಸದವರ ಮೇಲಿರಲಿ. ಅವರು ಹತ್ತಿರ ಬಂದಾಗ ಅಲ್ಲಿರುವ ನಾಯಿಗಳು ಬಾಲ ಅಲ್ಲಾಡಿಸಿಕೊಂಡು ಮುಂದೆ ಬರುತ್ತವಾ, ಇಲ್ಲ ಬಾಲ ಮುದುರಿ ಮೂಲೆ ಸೇರುತ್ತವಾ? ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ರಾತ್ರಿ ಅಲ್ಲಿ ಮನುಷ್ಯರು ಇರುತ್ತಾರಾ ಅಂತ ಕೇಳಿ. ಗುಡುಗಿಗೆ ಹೆದರುವ ನಾಯಿಯನ್ನು ರಾತ್ರಿ ಒಂಟಿಯಾಗಿ ಬಿಡುವ ಜಾಗ ಬೇಡ.

ಅವರೂ ನಿಮ್ಮನ್ನು ಲಸಿಕೆಯ ಕಾರ್ಡ್ ಕೇಳಬೇಕು. ಕೇಳಲಿಲ್ಲ ಅಂದರೆ ಬೇರೆಯವರನ್ನೂ ಕೇಳಿಲ್ಲ ಅಂತಲೇ ಅರ್ಥ. ಹತ್ತಾರು ನಾಯಿಗಳು ಸೇರುವ ಕಡೆ ಕೆನಲ್ ಕಾಫ್ ಎಂಬ ಕೆಮ್ಮು ಬೇಗ ಹರಡುತ್ತದೆ. ಇದಕ್ಕೂ ಲಸಿಕೆಯಿದೆ. ಇಂಜೆಕ್ಷನ್ ಆದರೆ ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಮೂಗಿಗೆ ಹಾಕುವುದು ಬೇಗ ಕೆಲಸ ಮಾಡುತ್ತದೆ. ಯಾವುದು ಸರಿ ಅಂತ ಡಾಕ್ಟರನ್ನು ಈ ವಾರವೇ ಕೇಳಿ. ಲಸಿಕೆ ಹಾಕಿಸಿದರೂ ಕೆಲವೊಮ್ಮೆ ಸ್ವಲ್ಪ ಕೆಮ್ಮು ಬರುತ್ತದೆ, ಹಾಗಾಗಿ ಮನೆಗೆ ಬಂದ ಮೇಲೂ ಎರಡು ವಾರ ಗಮನವಿಡಿ.

ಇನ್ನು ಮಗಳು. ಅವಳನ್ನು ಸಮಾಧಾನ ಮಾಡಬೇಡಿ, ಕೆಲಸ ಕೊಡಿ. ಜಿಮ್ಮಿ ಎಷ್ಟು ಹೊತ್ತಿಗೆ ತಿನ್ನುತ್ತಾನೆ, ಎಲ್ಲಿ ಕೆರೆದರೆ ಖುಷಿ, ಗುಡುಗಿದಾಗ ಏನು ಮಾಡಬೇಕು, ಎಲ್ಲ ಅವಳೇ ಒಂದು ಹಾಳೆಯಲ್ಲಿ ಬರೆಯಲಿ. ಅವನ ಮಾಮೂಲಿ ಊಟವನ್ನು ಒಂಬತ್ತು ದಿನಕ್ಕಾಗುವಷ್ಟು ಅವಳೇ ಕಟ್ಟಿಡಲಿ, ಯಾಕಂದ್ರೆ ಊಟ ದಿಢೀರನೆ ಬದಲಾದರೆ ನಾಯಿಗೆ ಭೇದಿಯಾಗಬಹುದು. ಅವಳು ಹಾಕಿಕೊಂಡು ಒಗೆಯದ, ಅವಳ ವಾಸನೆಯಿರುವ ಒಂದು ಅಂಗಿಯೂ ಜೊತೆಗಿರಲಿ. ಕಾಯಿಲೆ ಬಿದ್ದರೆ ಚಿಕಿತ್ಸೆ ಕೊಡಿಸಲು ಒಪ್ಪಿಗೆ ಪತ್ರ, ಡಾಕ್ಟರ ನಂಬರ್ ನೀವು ಕೊಡಿ.

ಪ್ರವಾಸಕ್ಕೆ ಮೊದಲು ಒಂದು ರಾತ್ರಿ ಅವನನ್ನು ಅಲ್ಲಿ ಬಿಟ್ಟು ನೋಡಿ. ಬಿಡುವಾಗ ಬಾಗಿಲಲ್ಲಿ ತಬ್ಬಿಕೊಂಡು ಅಳುವುದು ಬೇಡ, ನಿಮ್ಮ ಗಾಬರಿ ಅವನಿಗೂ ಅಂಟುತ್ತದೆ. ಬೆಲ್ಟ್ ಅವರ ಕೈಗೆ ಕೊಟ್ಟು, ಒಂದು ಸಲ ತಲೆ ಸವರಿ ಹೊರಡಿ. ಮರುದಿನ ಕರೆತಂದಾಗ ಸಿಕ್ಕಾಪಟ್ಟೆ ನೀರು ಕುಡಿದು ಸಂಜೆವರೆಗೂ ನಿದ್ದೆ ಹೊಡೆದರೆ ಹೆದರಬೇಡಿ, ಅದು ಸಾಮಾನ್ಯ. ಊಟವನ್ನೇ ಮುಟ್ಟಿಲ್ಲ, ರಾತ್ರಿಯೆಲ್ಲ ನಡುಗುತ್ತಿದ್ದ ಅಂತ ಅವರು ಹೇಳಿದರೆ, ಜಿಮ್ಮಿಗೂ ಮನೆಯಲ್ಲೇ ಬಂದು ಉಳಿದುಕೊಳ್ಳುವವರನ್ನು ಹುಡುಕಿ. ಅದಕ್ಕಿನ್ನೂ ಟೈಮ್ ಇದೆ.